ಗುರುವಾರದ ಬೀದಿಯ ಸಸಿಗಳು

ನಮ್ಮದು ಗುರುವಾರದ ಬೀದಿ. ನಮ್ಮೂರಿನಲ್ಲಿ ಬೀದಿಗಳು ಏಳು, ಬಿಸಿಲು ದಿನಕ್ಕೊಂದು ಬೀದಿಗೆ ಬೀಳುತ್ತದೆ. ಸೋಮವಾರ ಬೆಳಿಗ್ಗೆ ಸೋಮವಾರದ ಬೀದಿಯ ಮೊದಲ ಮನೆಯ ಹೆಂಚಿನ ಮೇಲೆ ಇಳಿದರೆ ಸಂಜೆಯವರೆಗೂ ಆ ಬೀದಿ ಬಿಟ್ಟು ಕದಲುವುದಿಲ್ಲ. ಮರುದಿನ ಮಂಗಳವಾರದವರ ಸರದಿ. ಉಳಿದ ಆರು ದಿನ ನಮಗಿರುವುದು ಬೂದು ಬೆಳಕು, ಹಳೆಯ ಪಂಚೆಯನ್ನು ಮುಖಕ್ಕೆ ಹೊದ್ದು ನೋಡಿದ ಹಾಗೆ ಇರುವ, ನೆರಳೇ ಬೀಳದ ಬೆಳಕು. ಅದು ನಮಗೆ ರೂಢಿಯಾಗಿದೆ. ಗುರುವಾರ ಬಂತೆಂದರೆ ಹಾಸಿಗೆ, ಹಪ್ಪಳ, ಮೆಣಸಿನಕಾಯಿ, ಬಾಣಂತಿಯರು, ಮಂಡಿನೋವಿನ ಮುದುಕರು, ಎಲ್ಲ ಹೊರಗೆ. ಹೆಣ್ಣು ನೋಡಲು ಬಂದವರು ಜಾತಕಕ್ಕಿಂತ ಮುಂಚೆ ಕೇಳುವ ಮಾತು, "ನಿಮ್ಮ ಬಿಸಿಲು ಯಾವತ್ತು?" ಹಿತ್ತಲಿನ ನೆಲದಲ್ಲಿ ಬೇರು ಬಿಟ್ಟ ಗಿಡಗಳಿಗೂ ಇದು ಗೊತ್ತು. ಅವು ಆರು ದಿನ ಕಾಯುತ್ತವೆ, ತಮ್ಮ ದಿನ ಬಂದಾಗ ವಾರದ್ದೆಲ್ಲ ಒಟ್ಟಿಗೆ ಬೆಳೆಯುತ್ತವೆ.

ಕಟ್ಟುಪಾಡು ಇರುವುದು ಒಂದೇ. ಬೇರೆ ಬೀದಿಯ ಬಿಸಿಲಿನಲ್ಲಿ ನಡೆದು ಹೋಗಬಹುದು, ನಿಲ್ಲಬಾರದು. ಆ ಬೀದಿಯವರು ಯಾರಾದರೂ ಕರೆದು ತಮ್ಮ ಜಗಲಿಯ ಮೇಲೆ ಕೂರಿಸಿಕೊಂಡರೆ ತಪ್ಪಿಲ್ಲ. ಆದರೆ ಮದುವೆ, ಸಾವು ಬಿಟ್ಟರೆ ಯಾರೂ ಕರೆಯುವುದಿಲ್ಲ. ಕೇಳುವುದಂತೂ ಇಲ್ಲವೇ ಇಲ್ಲ. ಪಕ್ಕದ ಮನೆಯಲ್ಲಿ ಒಂದು ಲೋಟ ಸಕ್ಕರೆ ಕೇಳಬಹುದು, ಪಕ್ಕದ ಬೀದಿಯಲ್ಲಿ ಬಿಸಿಲು ಕೇಳಿದರೆ ಮಾನ ಹೋದ ಹಾಗೆ. ನಾನು, ಚನ್ನಾಜಮ್ಮ, ಐವತ್ತಮೂರು ವರ್ಷದವಳು, ಈ ಎರಡನ್ನೂ ಯಾವತ್ತೂ ಕೇಳಿದವಳಲ್ಲ. ಅದೇ ನನ್ನ ದೊಡ್ಡಸ್ತಿಕೆ ಎಂದು ತಿಳಿದುಕೊಂಡಿದ್ದೆ.

ನಮ್ಮನೆಯವರು ಓಂಕಾರಪ್ಪ, ಬಡಗಿ. ಏಳೂ ಬೀದಿಯಲ್ಲಿ ಅವರ ಕೈಯ ಬಾಗಿಲು ಕಿಟಕಿಗಳಿವೆ. ಹೋದ ವರ್ಷ ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಉಳಿ ಹಿಡಿದವರು ಹಾಗೇ ಪಕ್ಕಕ್ಕೆ ವಾಲಿದರು. ಲಕ್ವ ಹೊಡೆದಿತ್ತು. ಬಲಗೈ ಸತ್ತೇ ಹೋಯಿತು, ಬಲಗಾಲು ಎಳೆಯುವಷ್ಟು ಉಳಿಯಿತು. ಮಾತೂ ಹೋಯಿತು, ಒಂದೇ ಒಂದು ಬಿಟ್ಟು. ಅದು "ಆಯ್ತು". ನೀರು ಬೇಕಾದರೂ ಆಯ್ತು, ಸಿಟ್ಟು ಬಂದರೂ ಆಯ್ತು. ಮೊದಮೊದಲು ಅವರಿಗೇ ತಮ್ಮ ಬಾಯಿಂದ ಬಂದದ್ದು ಕೇಳಿ ಗಾಬರಿಯಾಗುತ್ತಿತ್ತು. ಬರುಬರುತ್ತಾ ನಾನು ರಾಗದಿಂದ ಅರ್ಥ ಹಿಡಿಯುವುದನ್ನು ಕಲಿತೆ. ಅವರ ದುಡಿಮೆ ನಿಂತ ಮೇಲೆ ಹಿತ್ತಲಿದ್ದ ಮನೆ ಬಿಟ್ಟು ಅದೇ ಬೀದಿಯಲ್ಲಿ ಮಹಡಿಯ ಮೇಲಿನ ಒಂದು ಕೋಣೆಗೆ ಬಂದೆವು. ನಾನು ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುವ ಕೆಲಸದವಳು. ಎಂಟೂವರೆಗೆ ಹೋದರೆ ಎರಡೂವರೆಗೆ ವಾಪಸು. ಅಷ್ಟು ಹೊತ್ತೂ ಅವರು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ಹದಿನಾಲ್ಕು ತಿಂಗಳು ಹಾಗೇ ಕಳೆಯಿತು. ಒಂದು ದಿನವೂ ಮೆಟ್ಟಿಲು ಇಳಿಯಲಿಲ್ಲ.

ಒಂದು ಮಧ್ಯಾಹ್ನ ಬಾಗಿಲು ತೆಗೆದರೆ ನೆಲದ ತುಂಬ ಮಣ್ಣು. ಎಣ್ಣೆ ಡಬ್ಬಿ, ಬಿಸ್ಕತ್ತಿನ ತಟ್ಟೆ, ಹಾಲಿನ ಪ್ಯಾಕೆಟ್ಟು, ಸಿಕ್ಕಿದ್ದಕ್ಕೆಲ್ಲ ಮಣ್ಣು ತುಂಬಿ ಕಿಟಕಿಯ ಕೆಳಗೆ ಸಾಲಾಗಿ ಇಟ್ಟಿದ್ದರು. ಮಹಡಿಯ ಹಿಂದಿನ ಪಡಸಾಲೆಯಲ್ಲಿ ಒಂದು ಹಳೆಯ ಗೋಡೆ ಕುಸಿದು ಬಿದ್ದಿತ್ತು, ಆ ಮಣ್ಣನ್ನೇ ಎಡಗೈಯಲ್ಲಿ ಗೋರಿ ತಂದಿದ್ದರು. ಅಡುಗೆ ಮೂಲೆಯಲ್ಲಿದ್ದ ಕೊಳೆತ ಟೊಮೆಟೊ, ಬಲಿತು ಹಳದಿಯಾದ ಬದನೆಕಾಯಿ, ಒಣಮೆಣಸಿನಕಾಯಿ ಮೂರನ್ನೂ ಸೀಳಿ ಬೀಜ ತೆಗೆದು ಊರಿದ್ದರು. ನಾನು ಕೂಗಾಡಿದೆ. "ಗುಡಿಸೋರು ಯಾರು ಇದನ್ನೆಲ್ಲ? ನಾನೇನು ಎರಡು ಜೀವ ತಂದಿದೀನಾ?" ಅಂದೆ. ಅವರು ತಗ್ಗಿದ ದನಿಯಲ್ಲಿ "ಆಯ್ತು" ಅಂದರು. ಆಮೇಲೆ ನೋಡಿದೆ, ಅವರ ಮುಖ ಗೋಡೆಯ ಕಡೆ ಇರಲಿಲ್ಲ. ಕಿಟಕಿಯ ಕಡೆ ಇತ್ತು. ನಾನು ಪೊರಕೆ ತಗೊಂಡು ಗುಡಿಸಿದೆ.

ಎಂಟನೆಯ ದಿನಕ್ಕೆ ಮೊಳಕೆ ಬಂದವು. ಮೂವತ್ತೆಂಟು ಸಸಿ. ನಾನು ಶಾಲೆಯಿಂದ ಬಂದ ಕೂಡಲೆ ಅವರು ನನ್ನ ಸೆರಗು ಹಿಡಿದು ಎಳೆದುಕೊಂಡು ಹೋಗಿ ತೋರಿಸುವರು. ಒಂದೊಂದು ಡಬ್ಬಿಯ ಮುಂದೂ ಒಂದೊಂದು ಬಗೆಯ ಆಯ್ತು. ಊಟಕ್ಕೆ ಕರೆದರೆ ತಾವೇ ಎದ್ದು ಬರುತ್ತಿದ್ದರು. ಅಂಗಿಯ ಗುಂಡಿ ತಾವೇ ಹಾಕಿಕೊಂಡರು. ನನಗೆ ಎಷ್ಟು ನಿರಾಳವಾಯಿತೆಂದರೆ, ಆ ವಾರ ಶಾಲೆಯ ಸಾರಿಗೆ ಎರಡು ಸಲ ಉಪ್ಪು ಹಾಕಿ ಮಕ್ಕಳ ಕೈಯಲ್ಲಿ ಬೈಸಿಕೊಂಡೆ.

ಆದರೆ ಸಸಿಗಳು ಸರಿಯಾಗಿ ಏಳಲಿಲ್ಲ. ಬೂದು ಬೆಳಕಿನಲ್ಲಿ ಬೆಳಕು ಹುಡುಕುತ್ತಾ ದಾರದ ಹಾಗೆ ಉದ್ದಕ್ಕೆ ಎಳೆದುಕೊಂಡವು. ಎಲ್ಲವೂ ಕಿಟಕಿಯ ಕಡೆಗೆ ಬಾಗಿದವು. ಎಲೆ ಹಳದಿಗೆ ತಿರುಗಿತು, ಅಡಿಭಾಗ ನೇರಳೆಯಾಯಿತು. ಗೋಡೆಯ ಮಣ್ಣು ನೀರು ಕುಡಿಯದೆ ಮೇಲೆ ಬಿಳಿ ಪೊರೆ ಕಟ್ಟಿ, ಒಣಗಿದ ಮೇಲೆ ಮಡಕೆ ಚೂರಿನ ಹಾಗೆ ಗಟ್ಟಿಯಾಗುತ್ತಿತ್ತು. ಗುರುವಾರ ಬಂತಲ್ಲ ಎಂದು ಅವರು ಎಲ್ಲವನ್ನೂ ಕಿಟಕಿಯ ಮೇಲೆ ಪೂರ್ತಿ ದಿನ ಬಿಸಿಲಿಗೆ ಇಟ್ಟರು. ಸಂಜೆಗೆ ಅರ್ಧಕ್ಕರ್ಧ ಎಲೆ ಸುಟ್ಟು ಬೆಳ್ಳಗಾಗಿತ್ತು. ಪೊರಕೆ ಕಡ್ಡಿ ಮುರಿದು ಊರಿ, ಹಲ್ಲಿನಲ್ಲಿ ನೂಲು ಹಿಡಿದು ಎಡಗೈಯಲ್ಲಿ ಒಂದೊಂದನ್ನೇ ಕಟ್ಟಿ ನಿಲ್ಲಿಸಿದರು. ಬೆಳಿಗ್ಗೆ ಎದ್ದರೆ ಮತ್ತೆರಡು ಬಿದ್ದಿರುತ್ತಿದ್ದವು. ಬಿದ್ದದ್ದನ್ನು ಕಿತ್ತು ಕಿಟಕಿಯ ಪಟ್ಟಿಯ ಮೇಲೆ ಸಾಲಾಗಿ ಮಲಗಿಸುತ್ತಿದ್ದರು. ಒಂದು ಬುಧವಾರ ಅವರು ಊಟ ಮುಟ್ಟಲಿಲ್ಲ. ಉಳಿದ ಇಪ್ಪತ್ತೆಂಟನ್ನು ನೋಡಿ "ಆಯ್ತು" ಅಂದರು. ಆ ದನಿಯಲ್ಲಿ ಯಾವ ರಾಗವೂ ಇರಲಿಲ್ಲ. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು.

ಸಸಿಯ ವಿಷಯ ನಮ್ಮೂರಿನಲ್ಲಿ ಯಾರಿಗೆ ಗೊತ್ತು ಅಂದರೆ ಹಾಲಮ್ಮನಿಗೆ. ಶುಕ್ರವಾರದ ಬೀದಿಯ ಕೊನೆಯಲ್ಲಿ ಅವಳ ಸಸಿಮಡಿ ಇದೆ. ಏಳೂ ಬೀದಿಯವರು ಅವಳಲ್ಲಿಂದಲೇ ಮೆಣಸಿನ ಸಸಿ, ಟೊಮೆಟೊ ಸಸಿ ಒಯ್ಯುವುದು. ನಾನು ಮಾತ್ರ ಇಪ್ಪತ್ತಮೂರು ವರ್ಷದಿಂದ ಶುಕ್ರವಾರದ ಬೀದಿಗೆ ಕಾಲಿಟ್ಟಿರಲಿಲ್ಲ. ಸಂತೆಗೆ ಹೋಗುವುದಿದ್ದರೂ ಹಿಂದಿನ ಓಣಿ ಸುತ್ತಿ ಹೋಗುತ್ತಿದ್ದೆ. ಅದಕ್ಕೆ ಕಾರಣವಿತ್ತು.

ಆಗ ನಮ್ಮತ್ತೆ ಇದ್ದರು. ಒಂದು ಗುರುವಾರ ಬೆಳಿಗ್ಗೆ ಹಾಲಮ್ಮ ನಮ್ಮ ಮನೆ ಬಾಗಿಲಿಗೆ ಬಂದಳು. ಹೆತ್ತು ಐದು ದಿನ. ಕೈಯಲ್ಲಿ ಕೂಸು, ಅರಿಶಿನ ಹಚ್ಚಿದ ಹಾಗೆ ಮೈ, ಕಣ್ಣಿನ ಬಿಳಿಯೂ ಹಳದಿ. "ಕೂಸಿಗೆ ಬಿಸಿಲು ತೋರಿಸ್ಬೇಕಂತೆ, ಇವತ್ತೇ ತೋರಿಸ್ಬೇಕಂತೆ. ನಮ್ದು ನಾಳೆ. ಒಂದು ಗಳಿಗೆ ನಿಮ್ಮ ಜಗಲಿ ಮೇಲೆ ಕೂತ್ಕೊಳ್ಲಾ ಅವ್ವಾ?" ಅಂದಳು. ನಮ್ಮತ್ತೆ "ಇವತ್ತು ನೀನು, ನಾಳೆ ಇನ್ನೊಬ್ರು. ನಮ್ಮ ಬಿಸಿಲು ನಮಗೇ ಸಾಲಲ್ಲ" ಎಂದು ಬಾಗಿಲು ಹಾಕಿದರು. ನಾನು ಬಾಗಿಲ ಹಿಂದೆ ಮೊರ ಹಿಡಿದು ನಿಂತಿದ್ದೆ. ಏನೂ ಮಾತಾಡಲಿಲ್ಲ. ಹಾಲಮ್ಮ ಇನ್ನೊಂದು ಬಾಗಿಲು ತಟ್ಟಲಿಲ್ಲ. ನಡೆದಳು. ಕೂಸಿನ ಬಟ್ಟೆ ಬಿಚ್ಚಿ ಎದೆಯ ಮೇಲೆ ಬೋರಲು ಹಾಕಿಕೊಂಡು ನಮ್ಮ ಬೀದಿಯ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ. ನಡೆಯುವವರನ್ನು ತಡೆಯುವ ಹಾಗಿಲ್ಲವಲ್ಲ. ಐದು ದಿನದ ಬಾಣಂತಿ ಬಿಸಿಲು ಬಂದಾಗಿನಿಂದ ಹೋಗುವವರೆಗೂ ನಡೆದಳು. ನಾನು ಕಿಟಕಿಯ ಸಂದಿನಿಂದ ನೋಡುತ್ತಲೇ ಇದ್ದೆ, ಒಂದು ಚೊಂಬು ನೀರು ಕೊಡಲು ಕೂಡ ಹೊರಗೆ ಬರಲಿಲ್ಲ. ಕೂಸು ಉಳಿಯಿತು ಎಂದು ಆಮೇಲೆ ಯಾರೋ ಹೇಳಿದರು.

ಆ ಹಾಲಮ್ಮನ ಹತ್ತಿರ ನಾನು ಹೋಗಬೇಕಿತ್ತು. ಗುರುವಾರ ಶಾಲೆ ಮುಗಿಸಿಕೊಂಡು, ಒಂದು ಹಾಲಿನ ಪ್ಯಾಕೆಟ್ಟಿನ ಸಸಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದೆ. ಅವಳು ಮಡಿಯ ಪಕ್ಕ ಕೂತು ಕಳೆ ಕೀಳುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದಳು, ಗುರುತು ಹಿಡಿದಳು, ಕಳೆ ಕೀಳುವುದನ್ನು ನಿಲ್ಲಿಸಲಿಲ್ಲ. "ಏನು?" ಅಂದಳು. ನಾನು ಸಸಿ ಮುಂದಿಟ್ಟೆ. ಅದನ್ನು ಕಂಡಾಗ ಮಾತ್ರ ಅವಳ ಕೈ ನಿಂತಿತು. ಪ್ಯಾಕೆಟ್ಟು ಹರಿದು ಮಣ್ಣಿನ ಹೆಂಟೆಯನ್ನು ಅಂಗೈಯಲ್ಲಿ ಮುರಿದಳು. ಬಿಳಿಯ ಬೇರು ಒಳಗೆ ಇಳಿಯಲಾರದೆ ಮೇಲೆಯೇ ಸುರುಳಿ ಸುತ್ತಿಕೊಂಡಿತ್ತು.

"ಇದು ಮಣ್ಣಲ್ಲ ಕಣೇ, ಗೋಡೆ," ಅಂದಳು. "ಯಾರು ಹಾಕಿದ್ದು?"

"ನಮ್ಮನೆಯವರು. ಲಕ್ವ ಹೊಡೆದು ಮಲಗಿದಾರೆ. ಅವರು ಮಾಡಿರೋದು ಇದೊಂದೇ, ಇಷ್ಟು ದಿನದಲ್ಲಿ."

ಅವಳು ಸಸಿಯನ್ನು ಎಲೆಯ ತುದಿಯಲ್ಲಿ ಹಿಡಿದು ತಿರುಗಿಸಿ ನೋಡಿದಳು. "ಸತ್ತಿಲ್ಲ ಇದು. ಹಸಿದದೆ, ಹೆದರಿದದೆ ಅಷ್ಟೆ. ಮಣ್ಣು ನಾನು ಕೊಡ್ತೀನಿ. ಟೊಮೆಟೋನ ಕುತ್ತಿಗೆವರೆಗೂ ಹೂತರೆ ಆ ಉದ್ದದ ಕಾಂಡದಲ್ಲೇ ಬೇರು ಬಿಡುತ್ತೆ. ಮೆಣಸು, ಬದನೆ ಅಷ್ಟು ಆಳ ಬೇಡ. ಎರಡು ದಿನ ನೆರಳು, ಆಮೇಲೆ ದಿನಾ ಎಳೆ ಬಿಸಿಲು. ಮೊದಲು ಕಾಲು ಗಂಟೆ, ಆಮೇಲೆ ಅರ್ಧ, ಹಂಗೇ ಏರಿಸ್ತಾ ಹೋಗ್ಬೇಕು, ಮೂರು ವಾರ."

"ದಿನಾ ಬಿಸಿಲು ಎಲ್ಲಿಂದ ತರ್ಲಿ ಹಾಲಕ್ಕ?"

"ಬಿಸಿಲು ಎಲ್ಲಿರುತ್ತೋ ಅಲ್ಲಿಗೆ ಒಯ್ಯಬೇಕು. ಏಳು ಬೀದಿ. ನನ್ನ ಶುಕ್ರವಾರ ತಗೋ. ಉಳಿದ ಬೀದಿಗಳಲ್ಲಿ ನೀನೇ ಕೇಳ್ಬೇಕು. ನಾನು ಜೊತೆಗೆ ಬರಲ್ಲ."

ನಾನು ಹರಿದ ಪ್ಯಾಕೆಟ್ಟು ಎತ್ತಿಕೊಂಡೆ. "ಅವತ್ತು ನಾನು ಬಾಗಿಲ ಹಿಂದೆ ಇದ್ದೆ," ಅಂದೆ.

"ಗೊತ್ತು. ಕಿಟಕೀಲಿ ನಿನ್ನ ಕಣ್ಣು ಕಾಣ್ತಿತ್ತು. ಪ್ರತಿ ಸಲ ಈ ಕಡೆ ತಿರುಗಿದಾಗಲೂ ನೋಡ್ತಿದ್ದೆ, ಈಗ ಬರ್ತಾಳೆ, ಈಗ ಬರ್ತಾಳೆ ಅಂತ." ಅವಳು ಕೈಯ ಮಣ್ಣು ಕೊಡವಿದಳು. "ಅದನ್ನ ಮರೆತೆ ಅಂತ ಹೇಳಲ್ಲ. ಈಗ ಅದು ಬೇಡ. ಮೊದಲು ಇದಕ್ಕೊಂದು ದಾರಿ ಮಾಡು."

ಮರುದಿನ ಮಧ್ಯಾಹ್ನ ಅವಳು ತಾನೇ ನಮ್ಮ ಮಹಡಿ ಹತ್ತಿ ಬಂದಳು, ಸೊಂಟದ ಮೇಲೆ ಒಂದು ಚೀಲ. ಹೊಂಗೆ ಎಲೆ ಕೊಳೆತ ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ, ಹೊಳೆ ಮರಳು, ಮೂರನ್ನೂ ಬೆರೆಸಿ ತಂದಿದ್ದಳು. ನಾನು ಕೆಳಗೆ ನೀರು ತರಲು ಹೋಗಿದ್ದೆ. ಬರುವಷ್ಟರಲ್ಲಿ ಒಳಗಿನಿಂದ ಮಾತು ಕೇಳಿಸುತ್ತಿತ್ತು. "ಊಟ ಆಯ್ತಾ ಓಂಕಾರಣ್ಣ?" "ಆಯ್ತು." "ಮದ್ದು ತಗೊಂಡಿದ್ದಾಯ್ತಾ?" "ಆಯ್ತು." "ಹಂಗಾದ್ರೆ ಈ ಡಬ್ಬಿಗಳಿಗೆಲ್ಲ ಅಡೀಲಿ ಮೊಳೆ ಹೊಡೆದು ತೂತು ಮಾಡಿ, ನೀರು ಬಸಿಯೋಕೆ." "ಆಯ್ತು!" ನಾನು ಕೊಡ ಹಿಡಿದು ಬಾಗಿಲಲ್ಲೇ ನಿಂತೆ. ಅವರಿಗೆ ಮಾತಿಲ್ಲ ಎಂದು ನಾನು ಅವಳಿಗೆ ಹೇಳಿಯೇ ಇರಲಿಲ್ಲ. ಅರ್ಧ ಗಂಟೆಯಿಂದ ಅವಳು ಸರಾಗವಾಗಿ ಮಾತಾಡುತ್ತಿದ್ದಳು, ಅವರೂ ಸರಾಗವಾಗಿ ಉತ್ತರ ಕೊಡುತ್ತಿದ್ದರು. ನಮ್ಮನೆಯವರು ನನ್ನ ಕಡೆ ನೋಡಿದ ನೋಟದಲ್ಲಿ ಒಂದು ಬಿಂಕ ಇತ್ತು.

ಆ ಮಧ್ಯಾಹ್ನವೆಲ್ಲ ಸಸಿ ಬದಲಾಯಿಸಿದೆವು. ಮಣ್ಣಿಗೆ ನೀರು ಕುಡಿಸಿ ಮೆತ್ತಗೆ ಮಾಡಿ, ಚಮಚದ ಹಿಡಿಯಿಂದ ಬೇರಿನಡಿ ಎತ್ತಬೇಕು. "ಕಾಂಡ ಹಿಡೀಬೇಡಿ ಅಣ್ಣ. ಎಲೆ ಹಿಡೀರಿ. ಎಲೆ ಹರಿದ್ರೆ ಇನ್ನೊಂದು ಬರುತ್ತೆ, ಕಾಂಡ ನಲುಗಿದ್ರೆ ಮುಗೀತು," ಎಂದಳು ಹಾಲಮ್ಮ. ಬಾಚಿ, ಉಳಿ ಹಿಡಿದ ಆ ಮನುಷ್ಯ ಎಡಗೈಯ ಎರಡು ಬೆರಳಲ್ಲಿ ಸಾಸಿವೆ ಹೂವಿನಷ್ಟು ಎಲೆಯನ್ನು ಹಿಡಿದು ಉಸಿರು ಕಟ್ಟಿ ಎತ್ತಿದರು. ಮೂರು ಸತ್ತವು. ಇಪ್ಪತ್ತನಾಲ್ಕು ಹೊಸ ಮಣ್ಣಿಗೆ ಇಳಿದವು. ಕಡಲೆಕಾಯಿ ಹಿಂಡಿ ನೆನೆಸಿದ ತಿಳಿನೀರನ್ನು ತಟ್ಟೆಗೆ ಹಾಕಿ ಅಡಿಯಿಂದ ಕುಡಿಸಿದೆವು. ಹೊರಡುವಾಗ ಅವಳು ಇನ್ನೊಂದು ಹೇಳಿದಳು. ಮನೆಯೊಳಗೆ ಗಾಳಿ ಆಡುವುದಿಲ್ಲ, ಗಾಳಿಗೆ ಅಲ್ಲಾಡದ ಕಾಂಡ ಗಟ್ಟಿಯಾಗುವುದಿಲ್ಲ, ಅದಕ್ಕೆ ದಿನಕ್ಕೆರಡು ಸಲ ಅಂಗೈಯಿಂದ ತುದಿ ಸವರಬೇಕು. ನಮ್ಮನೆಯವರು ಎಡಗೈಯಿಂದ ಬಲಗೈಯನ್ನು ಎತ್ತಿ ಸಸಿಗಳ ಮೇಲಿಟ್ಟು, ಮೆಲ್ಲಗೆ ಎಳೆದರು. ಆ ಕೈಗೆ ಸ್ಪರ್ಶ ತಿಳಿಯುತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ದಿನಾ ಆ ಕೈಯಿಂದಲೇ ಸವರಿದರು.

ಎರಡು ದಿನದ ನೆರಳು ಮುಗಿದದ್ದು ಭಾನುವಾರ. ಸಸಿಗಳನ್ನೆಲ್ಲ ಬಿದಿರಿನ ತಟ್ಟಿಯಲ್ಲಿ ಜೋಡಿಸಿ ತಲೆಯ ಮೇಲೆ ಹೊತ್ತು ಭಾನುವಾರದ ಬೀದಿಗೆ ಹೋದೆ. ಮೊದಲ ಮನೆಯ ಮುಂದೆ ನಿಂತೆ. ಆ ಮನೆಯಾಕೆ ಹಪ್ಪಳ ಹರಡುತ್ತಿದ್ದವಳು, "ಏನಮ್ಮ, ದಾರಿ ತಪ್ಪಿತಾ?" ಅಂದಳು. ನಾನು "ಕಾಲು ಗಂಟೆ... ಈ ಸಸಿಗಳಿಗೆ... ಬಿಸಿಲು" ಎಂದು ತೊದಲಿದೆ. ಆಕೆಯ ಮುಖ ನನ್ನ ಬದಲಿಗೆ ತಾನೇ ನಾಚಿ ಕೆಂಪಾಯಿತು. "ಹಪ್ಪಳಕ್ಕೇ ಜಾಗ ಸಾಲಲ್ಲಮ್ಮ," ಎಂದು ಒಳಗೆ ಹೋದಳು. ಎರಡನೆಯ ಮನೆಯಲ್ಲೂ ಇಲ್ಲ, ಮೂರನೆಯದರಲ್ಲೂ ಇಲ್ಲ. ಆಮೇಲೆ ನಾನು ಕೇಳಲಿಲ್ಲ. ತಟ್ಟಿ ಹೊತ್ತುಕೊಂಡೇ ಆ ಬೀದಿಯ ಉದ್ದಕ್ಕೂ ಹೋದೆ, ಬಂದೆ, ಹೋದೆ, ಬಂದೆ. ಕಾಲು ಗಂಟೆಗೇ ನನ್ನ ಕುತ್ತಿಗೆ ಬಿದ್ದುಹೋಗುವ ಹಾಗಾಯಿತು. ಐದು ದಿನದ ಬಾಣಂತಿ ದಿನಪೂರ್ತಿ ಹೇಗೆ ನಡೆದಳು ಎಂದು ಆವತ್ತು ನನ್ನ ಕಾಲಿಗೆ ತಿಳಿಯಿತು. ಮನೆಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಮೇಲಿನಿಂದ ಅವರು ನೋಡುತ್ತಿದ್ದರು. ನನಗೆ ಆಗ ಗೊತ್ತಾಗಲಿಲ್ಲ.

ಸೋಮವಾರ ಶಾಲೆಗೆ ತಪಾಸಣೆಯವರು ಬರುವವರಿದ್ದರು. ಆರು ಗಂಟೆಗೇ ಬಾ ಎಂದು ಹೆಡ್‌ಮಾಸ್ತರರು ಕರೆ ಕಳಿಸಿದ್ದರು. "ಇವತ್ತೊಂದು ದಿನ ಆಗಲ್ಲ ಕಣ್ರೀ, ಏನೂ ಆಗಲ್ಲ ಬಿಡಿ ಅವಕ್ಕೆ," ಎಂದು ಅವರಿಗೆ ಹೇಳಿ ಹೊರಟೆ. ಒಂಬತ್ತು ಗಂಟೆಗೆ ಅಕ್ಕಿ ತೊಳೆಯುತ್ತಿದ್ದಾಗ ನಮ್ಮ ಕೆಳಗಿನ ಮನೆಯ ಪುಟ್ಟನಂಜವ್ವ ಏದುಸಿರು ಬಿಡುತ್ತಾ ಬಂದಳು. "ಚನ್ನಾಜಿ, ನಿಮ್ಮೆಜಮಾನ್ರು ಕೋಣೇಲಿಲ್ಲ! ಮೆಟ್ಟಿಲ ಮೇಲೆಲ್ಲ ಮಣ್ಣು ಬಿದ್ದದೆ!" ಅಕ್ಕಿ ಅಲ್ಲೇ ಬಿಟ್ಟು ಓಡಿದೆ. ಅವರು ಮೆಟ್ಟಿಲ ಮೇಲೆ ಕೂತು ಕೂತು, ಒಂದೊಂದೇ ಮೆಟ್ಟಿಲು ಜಾರಿಕೊಂಡು ಇಳಿದಿದ್ದರು ಎಂದು ಆಮೇಲೆ ಗೊತ್ತಾಯಿತು.

ಸೋಮವಾರದ ಬೀದಿಯ ಬಾಯಲ್ಲಿ ಜನ ಸೇರಿದ್ದರು. ನಡುವೆ ನಮ್ಮನೆಯವರು. ಎಡಗೈಗೆ ಒಂದು ಬಕೆಟ್ಟು ನೇತುಹಾಕಿಕೊಂಡು, ಅದರಲ್ಲಿ ಹಿಡಿಸಿದಷ್ಟು, ಆರು ಸಸಿ ಇಟ್ಟುಕೊಂಡು, ಬಲಗಾಲು ಎಳೆಯುತ್ತಾ ನಡೆಯುತ್ತಿದ್ದರು. ನಡೆಯುತ್ತಿದ್ದರು ಅಂದರೆ, ಒಂದು ಹೆಜ್ಜೆ, ಆಮೇಲೆ ದೀರ್ಘವಾದ ಒಂದು ಉಸಿರು, ಆಮೇಲೆ ಕಾಲು ಒಂದು ಗೇಣು ಮುಂದೆ. ನೆರಳು ಅವರಿಗಿಂತ ಬೇಗ ಸರಿಯುತ್ತಿತ್ತು. ಆ ಬೀದಿಯ ಯಜಮಾನರು ಮರುಳಪ್ಪ, ಎಪ್ಪತ್ತು ದಾಟಿದವರು, ಕಟ್ಟುಪಾಡಿನ ವಿಷಯದಲ್ಲಿ ಬಲು ಬಿಗಿ. ಅವರು ಛತ್ರಿ ಹಿಡಿದು ಪಕ್ಕದಲ್ಲೇ ನಡೆಯುತ್ತಾ, ಬಗ್ಗಿ ಬಗ್ಗಿ ನಮ್ಮನೆಯವರ ಪಾದ ನೋಡುತ್ತಿದ್ದರು.

"ಇದು ನಡಿಗೆ ಅಲ್ಲ ಕಣ್ರೀ," ಅಂದರು ಮರುಳಪ್ಪ. "ನಿಂತಂಗೇ ಇದೆ."

"ಕಾಲು ಮುಂದೆ ಹೋಯ್ತಲ್ಲ ಯಜಮಾನ್ರೇ ಈಗ," ಅಂದ ಒಬ್ಬ.

"ಹೋಯ್ತು, ಆದ್ರೆ ಎಷ್ಟೊತ್ತು ತಗೊಂಡು?"

"ಕಟ್ಟುಪಾಡಲ್ಲಿ ಹೊತ್ತಿನ ಮಾತಿಲ್ಲವಲ್ಲ."

ಮರುಳಪ್ಪ ಯೋಚನೆಗೆ ಬಿದ್ದರು. ನಮ್ಮನೆಯವರು ಅಷ್ಟರಲ್ಲಿ ಇನ್ನೊಂದು ಗೇಣು ಮುಂದೆ ಹೋಗಿ, ಬೆವರು ಇಳಿಯುವ ಮುಖ ಎತ್ತಿ, "ಆಯ್ತು?" ಎಂದು ಕೇಳಿದರು. ಯಜಮಾನರು ತಬ್ಬಿಬ್ಬಾದರು. ನಾನು ಜನರ ನಡುವೆ ನುಗ್ಗಿ ಅವರ ತೋಳು ಹಿಡಿಯಲು ಹೋದೆ. ಆಗ ಎಡಬದಿಯ ಮನೆಯಿಂದ ಒಬ್ಬ ಎಳೆಯ ಹೆಂಗಸು ಇಳಿದು ಬಂದಳು. ಎತ್ತರದ ಆಳು, ತುಂಬಿದ ಕೆನ್ನೆ. "ಅವರು ನಡೀತಿದಾರೆ, ನನ್ನ ಕಣ್ಣಿಗೆ ಕಾಣ್ತಿದೆ. ನಿಮಗೆ ಅನುಮಾನ ಇದ್ರೆ ನಮ್ಮ ಜಗಲಿ ಮೇಲೆ ಕೂತ್ಕೊಳ್ಲಿ. ನಾನು ಕರೀತಿದೀನಿ. ಇನ್ನೇನು?" ಅಂದಳು ಯಜಮಾನರಿಗೆ. ಆಮೇಲೆ ನನ್ನ ಕಡೆ ತಿರುಗಿ, "ಬನ್ನಿ ಚಿಕ್ಕಮ್ಮ. ಸೋಮವಾರ ಸಸಿ ತಗೊಂಡು ಒಬ್ಬರು ಬರ್ತಾರೆ, ನೋಡ್ತಿರು ಅಂತ ನಮ್ಮವ್ವ ಹೇಳಿ ಕಳಿಸಿದ್ಲು. ನಾನು ವನಜಾಕ್ಷಿ. ಹಾಲಮ್ಮನ ಮಗಳು," ಅಂದಳು.

ಅವಳ ಕಣ್ಣಿನ ಬಿಳಿ ಹಾಲಿನಷ್ಟು ಬೆಳ್ಳಗಿತ್ತು. ನಾನು ಅದನ್ನೇ ನೋಡುತ್ತಾ ನಿಂತುಬಿಟ್ಟೆ. ಸೋಮವಾರದ ಬಿಸಿಲಿನಲ್ಲಿ, ಎಲ್ಲರೂ ನೋಡುತ್ತಿದ್ದಂತೆ. ನಿಂತಿದ್ದೀಯಲ್ಲ ಎಂದು ಯಾರೂ ನನ್ನನ್ನು ಕೇಳಲಿಲ್ಲ.

ನಮ್ಮನೆಯವರನ್ನು ಜಗಲಿಯ ಮೇಲೆ ಕೂರಿಸಿದರು. ಬಕೆಟ್ಟಿನಿಂದ ಸಸಿ ತೆಗೆದು ಸಾಲಾಗಿಟ್ಟರು. ಮರುಳಪ್ಪ ಹೋಗಲಿಲ್ಲ. ಎದುರಿಗೆ ಕೂತು ಆ ಸಸಿಗಳನ್ನೇ ನೋಡಿದರು. "ಮೆಣಸಿನದೂ ಇದೆಯಲ್ಲ. ಇಷ್ಟು ಸಣಕಲಾಗಿದೆ, ಬದುಕ್ತದಾ?" ಅಂದರು. ನಮ್ಮನೆಯವರು ಬಲಗೈ ಎತ್ತಿ ತುದಿ ಸವರುವುದನ್ನು ತೋರಿಸಿಕೊಟ್ಟರು. ಸ್ವಲ್ಪ ಹೊತ್ತಿನ ಮೇಲೆ ಯಜಮಾನರು ಎದ್ದು ಬಂದು ತಮ್ಮ ಛತ್ರಿಯ ನೆರಳು ಸಸಿಗಳ ಮೇಲೆ ಬೀಳದ ಹಾಗೆ ಮಡಿಸಿ ಪಕ್ಕಕ್ಕಿಟ್ಟು, ತಾವೂ ಅಂಗೈ ಚಾಚಿ ಸವರಿದರು. ನಾನು ಶಾಲೆಗೆ ವಾಪಸು ಓಡಿದೆ. ಆವತ್ತು ತಪಾಸಣೆಯವರು ತಿಂದದ್ದು ಅರೆಬೆಂದ ಅನ್ನ.

ಆಮೇಲೆ ಎಲ್ಲವೂ ಹೂವೆತ್ತಿದ ಹಾಗೆ ಆಯಿತು ಎಂದು ಹೇಳಲಾರೆ. ಶನಿವಾರದ ಬೀದಿಯಲ್ಲಿ ಯಾರೂ ಕರೆಯಲಿಲ್ಲ, ಮೂರೂ ಶನಿವಾರ ಅವರು ನಡೆದೇ ಬಿಸಿಲು ತೋರಿಸಿದರು. ಮಂಗಳವಾರದ ಬೀದಿಯಲ್ಲಿ ನಾಯಿ ಬಂದು ಎರಡು ಬದನೆ ಸಸಿ ತುಳಿಯಿತು. ಆದರೆ ಭಾನುವಾರದ ಹಪ್ಪಳದಾಕೆ ಎರಡನೆಯ ವಾರ ತಾನೇ ಚಾಪೆ ಸರಿಸಿ, ಕಣ್ಣು ತಪ್ಪಿಸಿಕೊಂಡು, "ಇಲ್ಲಿ ಸ್ವಲ್ಪ ಜಾಗ ಉಳಿದದೆ ನೋಡಿ" ಅಂದಳು. ನಾನು ಬೆಳಿಗ್ಗೆ ತಟ್ಟಿ ಇಳಿಸಿಕೊಟ್ಟು ಶಾಲೆಗೆ ಹೋದರೆ ಅವರು ತಾವೇ ಕಾದಿದ್ದು, ಯಾರನ್ನಾದರೂ ಸನ್ನೆ ಮಾಡಿ ಕರೆದು ಹೊರಿಸಿಕೊಂಡು ಬರುತ್ತಿದ್ದರು. ಎರಡನೆಯ ವಾರದ ಕೊನೆಗೆ ಕಾಂಡ ದಪ್ಪಗಾಗಿ, ಮೇಲೆ ಸಣ್ಣ ಸಣ್ಣ ರೋಮ ಕಾಣಿಸಿತು. ಹೊಸ ಎಲೆ ಕಡುಹಸಿರಾಗಿ ಬಂತು. ಟೊಮೆಟೊ ಎಲೆಯ ಘಾಟು ಕೋಣೆಯಲ್ಲೆಲ್ಲ ತುಂಬಿಕೊಂಡಿತು. ಮೂರು ವಾರ ತುಂಬಿದ ಮೇಲೆ ಹಾಲಮ್ಮ ಬಂದು ಒಂದು ಡಬ್ಬಿಯನ್ನು ತಲೆಕೆಳಗು ಮಾಡಿ ತಟ್ಟಿ, ಬೇರಿನ ಉಂಡೆಯನ್ನು ಅಂಗೈಯಲ್ಲಿ ಹಿಡಿದು ನೋಡಿದಳು. ಬೇರು ಮಣ್ಣನ್ನೆಲ್ಲ ಬಲೆಯ ಹಾಗೆ ಹಿಡಿದುಕೊಂಡಿತ್ತು. "ಇನ್ನು ಇವು ನೆಲಕ್ಕೆ ಹೋಗ್ಲಿ," ಅಂದಳು. ಆಮೇಲೆ ನನ್ನ ಮುಖ ನೋಡದೆ, "ನನಗೊಂದು ಕೊಡ್ತೀಯಾ?" ಅಂದಳು. ಊರಿಗೆಲ್ಲ ಸಸಿ ಮಾರುವವಳು! ನಾನು ಇದ್ದುದರಲ್ಲಿ ಗಟ್ಟಿಯಾದದ್ದನ್ನು ಆರಿಸಿ, ಎರಡು ಕೈಯಲ್ಲಿ ಹಿಡಿದು ಕೊಟ್ಟೆ. ಹೇಳಬೇಕಾದದ್ದನ್ನು ಆಗ ಹೇಳಿದೆ. ಅದೇನೂ ದೊಡ್ಡ ಮಾತಲ್ಲ, ತಪ್ಪಾಯಿತು ಅಂದೆ ಅಷ್ಟೆ. ಅವಳು ಸಸಿಯನ್ನು ಸೊಂಟಕ್ಕೆ ಒರಗಿಸಿಕೊಂಡು, "ಹೂಂ," ಅಂದಳು. ಸ್ವಲ್ಪ ಹೊತ್ತು ಕೂತಿದ್ದು ಹೋದಳು.

ನಮಗೆ ನೆಲವಿಲ್ಲ. ಉಳಿದ ಇಪ್ಪತ್ತೊಂದನ್ನು ನಮ್ಮನೆಯವರು ಯಾರ್ಯಾರ ಹಿತ್ತಲಿಗೆ ಕೊಡಬೇಕೆಂದು ತಾವೇ ತೀರ್ಮಾನಿಸಿದರು. ಜಗಲಿ ಕೊಟ್ಟವರಿಗೆಲ್ಲ ಎರಡೆರಡು. ಮರುಳಪ್ಪನವರಿಗೆ ಮೆಣಸು. ಶನಿವಾರದ ಬೀದಿಯ, ಕರೆಯದೇ ಇದ್ದ ಒಂದು ಮನೆಗೂ ಒಂದು ಬದನೆ ಸಸಿ ಕೊಟ್ಟು ಬಂದರು. ಏಕೆಂದು ನನಗೆ ಅರ್ಥವಾಗಲಿಲ್ಲ, ಕೇಳಿದರೆ ಅವರು ಹೇಳುವ ಹಾಗೂ ಇರಲಿಲ್ಲ. ಕಿಟಕಿಯ ಕೆಳಗೆ ಖಾಲಿಯಾಯಿತು. ನನಗೆ ಒಳಗೊಳಗೇ ಭಯ, ಇನ್ನು ಇವರು ಮತ್ತೆ ಗೋಡೆಯ ಕಡೆ ತಿರುಗುತ್ತಾರೋ ಏನೋ ಎಂದು.

ಕೊಟ್ಟು ಹತ್ತು ಹನ್ನೆರಡು ದಿನವಾಗಿರಬೇಕು. ಒಂದು ಬುಧವಾರ ಮಧ್ಯಾಹ್ನ ಶಾಲೆಯಿಂದ ಬಂದರೆ ಕೋಣೆ ಖಾಲಿ. ಹಾಸಿಗೆ ಮಡಿಸಿಟ್ಟಿತ್ತು. ಮೂರು ಗಂಟೆಯಾದರೂ ಬರಲಿಲ್ಲ. ಹುಡುಕಿಕೊಂಡು ಬುಧವಾರದ ಬೀದಿಗೆ ಹೋದೆ, ಬಿಸಿಲು ಇರುವ ಕಡೆಗೇ ಹೋಗಿರುತ್ತಾರೆ ಎಂದು. ಮೂರನೆಯ ಮನೆಯ ಜಗಲಿಯ ಮೇಲೆ ಅವರು ಕಂಬಕ್ಕೆ ಒರಗಿ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದರು. ಬೆರಳುಗಳಲ್ಲಿ ಹಸಿ ಮಣ್ಣು. ಆ ಮನೆಯಾಕೆ ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ತುಟಿಯ ಮೇಲೆ ಬೆರಳಿಟ್ಟು ಪಿಸುಗುಟ್ಟಿದಳು, "ಎಬ್ಬಿಸ್ಬೇಡಿ. ಬೆಳಿಗ್ಗೆಯಿಂದ ನಮ್ಮ ಹಿತ್ತಲು ಬಾಗಿಲಿನ ಚಿಲಕ ಸರಿ ಮಾಡೋದು ಹೆಂಗೆ ಅಂತ ನಮ್ಮ ಯಜಮಾನರಿಗೆ ಹೇಳಿಕೊಟ್ಟು ಸುಸ್ತಾಗಿದಾರೆ."

"ಹೇಳಿಕೊಟ್ರಾ? ಹೆಂಗೆ?"

"ಅದೇ, ಬೈದು ಬೈದು." ಆಕೆ ನಗು ತಡೆದುಕೊಂಡಳು. "ಒಂದೇ ಮಾತಲ್ಲಿ ಅಷ್ಟು ಬೈಗುಳ ಇರ್ತದೆ ಅಂತ ನನಗೆ ಗೊತ್ತಿರಲಿಲ್ಲ."

ನಾನು ಏನು ಮಾಡುವುದೆಂದು ತಿಳಿಯದೆ ಜಗಲಿಯ ಕೆಳಗೆ ಬಿಸಿಲಿನಲ್ಲೇ ಇದ್ದೆ. ಆಕೆ ಮೊರ ಪಕ್ಕಕ್ಕಿಟ್ಟು ಜಗಲಿಯ ಕಲ್ಲನ್ನು ಸೆರಗಿನಿಂದ ಒರೆಸಿದಳು. ನಾನು ಹತ್ತಿ ಅವರ ಪಕ್ಕದಲ್ಲಿ ಕೂತೆ. ಕಲ್ಲು ಬೆಚ್ಚಗಿತ್ತು. ಬೆನ್ನಿಗೂ ಪಾದಕ್ಕೂ ಬಿಸಿಲು ಇಳಿಯತೊಡಗಿತು. ಆಕೆ ಮೊರದಲ್ಲಿದ್ದ ಅಕ್ಕಿಯನ್ನು ಅರ್ಧ ನನ್ನ ಕಡೆ ತಳ್ಳಿದಳು. ನಾವಿಬ್ಬರೂ ಕಲ್ಲು ಆರಿಸುತ್ತಾ, ಅವರ ಗೊರಕೆ ನಿಲ್ಲುವವರೆಗೆ ಅಲ್ಲೇ ಕೂತಿದ್ದೆವು.